ಕಟ್ಕೊಂಡ್ ಆಡು ಮಾರಾಯ

ನಾನು ಮೆಟ್ಟಿಲು ಇಳಿಯುವುದು ಏಡಿಯ ಹಾಗೆ, ಅಡ್ಡಡ್ಡ. ಮೊದಲು ಬಲಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಬೇಕು. ಎಡಗಾಲನ್ನು ತಂದು ಅದರ ಪಕ್ಕದಲ್ಲಿಡಬೇಕು. ಒಂದು ಉಸಿರು ಬಿಡಬೇಕು. ಮತ್ತೆ ಬಲಗಾಲು. ಮೊನ್ನೆ ಮೂಡಿಗೆರೆಯಲ್ಲಿ ಒಂದು ಕಚೇರಿಯ ಮೆಟ್ಟಿಲನ್ನು ಹೀಗೆ ಇಳಿಯುತ್ತಿದ್ದಾಗ ನನ್ನ ಹಿಂದೆ ಸಿಕ್ಕಿಹಾಕಿಕೊಂಡಿದ್ದ ಕಾಲೇಜು ಹುಡುಗಿಯೊಬ್ಬಳು ಪಾಪ ಬಹಳ ಹೊತ್ತು ತಾಳ್ಮೆಯಿಂದ ಕಾದು, ಕೊನೆಗೆ, "ಅಂಕಲ್, ಏನಾದ್ರೂ ಬಿದ್ದೋಯ್ತಾ? ಹುಡುಕ್ಲಾ?" ಎಂದಳು.

"ಹೌದಮ್ಮ, ಮಂಡಿಯೊಂದು ಬಿದ್ದುಹೋಗಿದೆ. ಮೂವತ್ತು ವರ್ಷದ ಮೇಲಾಯ್ತು. ನೀನು ಹೋಗು," ಎಂದು ದಾರಿ ಬಿಟ್ಟೆ.

ನೀವು ಕೇಳದಿದ್ದರೂ ಆ ಮಂಡಿಯ ಕಥೆ ಹೇಳುತ್ತೇನೆ. ಮಂಡಿ ನೋವಿನವರ ಸ್ವಭಾವವೇ ಹಾಗೆ, ಕೂತಲ್ಲಿಂದ ಏಳುವುದು ಕಷ್ಟವಾದ್ದರಿಂದ ಕೂತೇ ಇದ್ದು ಮಾತಾಡುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ರೈಟರ್. ಗಾಬರಿಯಾಗಬೇಡಿ, ಪುಸ್ತಕ ಬರೆಯುವ ರೈಟರ್ ಅಲ್ಲ. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಬರುವ ರಸ್ತೆಯಲ್ಲಿ ಒಂದು ಕಾಫಿ ಎಸ್ಟೇಟು, ಅಲ್ಲಿ ಬೆಳಗ್ಗೆ ಆಳುಗಳ ಹಾಜರಿ ಬರೆಯುವ ರೈಟರ್. ನಾನು ಬರೆದದ್ದನ್ನು ಓದಿ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಹೆಸರು ಬಿಟ್ಟುಹೋದರೆ ಜಗಳಕ್ಕೆ ಬಂದದ್ದುಂಟು.

ಆಗ ನನಗೆ ಹತ್ತೊಂಬತ್ತು. ಊರಿನ ವಾಲಿಬಾಲ್ ತಂಡದಲ್ಲಿದ್ದೆ. ಆ ಕಾಲದಲ್ಲಿ ನಮ್ಮ ಕಡೆ ವಾಲಿಬಾಲ್ ಆಡದ ಗಂಡಸನ್ನು ಜ್ವರ ಬಂದಿದೆಯಾ ಎಂದು ಕೇಳುತ್ತಿದ್ದರು. ನಮ್ಮ ಕ್ಯಾಪ್ಟನ್ ಚಂದ್ರಣ್ಣ. ನನಗಿಂತ ಆರೇಳು ವರ್ಷ ದೊಡ್ಡವರು, ಎತ್ತರದ ಆಳು, ಮಾತಾಡಿದರೆ ಆಜ್ಞೆಯ ಹಾಗಿರುತ್ತಿತ್ತು. ಒಂದು ಬೇಸಿಗೆಯಲ್ಲಿ ಕೊಟ್ಟಿಗೆಹಾರದ ಹತ್ತಿರ ಟೂರ್ನಮೆಂಟ್ ನಡೆಯಿತು. ಗೆದ್ದವರಿಗೆ ಒಂದು ಶೀಲ್ಡು ಮತ್ತು ಒಂದು ಹುಂಜ. ಸೋತವರಿಗೆ ಒಂದು ಬಾಳೆಗೊನೆ. ಹುಂಜವನ್ನು ಮೈದಾನದ ಪಕ್ಕದ ಕಂಬಕ್ಕೆ ಕಟ್ಟಿದ್ದರು, ಅದು ಎಲ್ಲ ಪಂದ್ಯಗಳನ್ನೂ ಗಮನವಿಟ್ಟು ನೋಡುತ್ತಿತ್ತು.

ಸೆಮಿಫೈನಲಿನ ಕೊನೆಯ ಪಾಯಿಂಟಿಗೆ ನಾನು ಹಾರಿ ಸ್ಮ್ಯಾಶ್ ಹೊಡೆದೆ. ಹಾರುವುದನ್ನು ನನಗೆ ಎಲ್ಲರೂ ಕಲಿಸಿದ್ದರು. ಇಳಿಯುವುದನ್ನು ಯಾರೂ ಕಲಿಸಿರಲಿಲ್ಲ. ಭೂಮಿ ಇದ್ದೇ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ ಎಂದು ನಂಬಿದ್ದೆವು. ಒಂಟಿ ಕಾಲಿನ ಮೇಲೆ ಇಳಿದೆ, ಮೈ ಒಂದು ಕಡೆ ತಿರುಗಿತು, ಮಂಡಿ ಇನ್ನೊಂದು ಕಡೆ ಹೋಯಿತು. ಒಳಗೆ ಟಪ್ ಎಂದಿತು. ಒಣಗಿದ ಮೆಣಸಿನ ಬಳ್ಳಿ ಕಡಿದ ಹಾಗೆ.

ಚಂದ್ರಣ್ಣ ಬಂದು ನೋಡಿದರು. ಮಂಡಿ ಆಗಲೇ ಊದಿ ಹಲಸಿನ ತೊಳೆಯ ಹಾಗಾಗಿತ್ತು. ಎರಡು ಬೆರಳಲ್ಲಿ ಒತ್ತಿದರು. ನಾನು ಕೂಗಿದೆ. ಅವರು ತಲೆಯಾಡಿಸಿ, "ಏನೂ ಆಗಿಲ್ಲ. ಕಟ್ಕೊಂಡ್ ಆಡು ಮಾರಾಯ," ಎಂದರು. ಯಾರದೋ ಟವೆಲನ್ನು ಎಳೆದುಕೊಂಡು ಬಿಗಿಯಾಗಿ ಕಟ್ಟಿದರು. ನಾನು ಫೈನಲ್ ಆಡಿದೆ.

ಆಡಿದೆ ಎಂದು ಊರವರು ಹೇಳುತ್ತಾರೆ. ನಿಜ ಹೇಳಬೇಕೆಂದರೆ ನೆಟ್ಟಿನ ಮೂಲೆಯಲ್ಲಿ ಕಂಬ ಹಿಡಿದುಕೊಂಡು ನಿಂತಿದ್ದೆ. ಚೆಂಡು ಎರಡು ಸಲ ನನ್ನ ಕೈಗೆ ತಗುಲಿತು, ಎರಡು ಸಲವೂ ಹೊರಗೆ ಹೋಯಿತು. ಸೋತೆವು. ಇಬ್ಬರು ಬಾಳೆಗೊನೆ ಹೊತ್ತುಕೊಂಡು ಊರಿಗೆ ಬಂದರು, ಇನ್ನಿಬ್ಬರು ನನ್ನನ್ನು ಹೊತ್ತುಕೊಂಡು ಬಂದರು. ನನ್ನ ಪಾಲಿಗೆ ಎರಡು ಹಣ್ಣು ಸಿಕ್ಕಿತು. ಒಂದು ಮಂಡಿಗೆ ಎರಡು ಬಾಳೆಹಣ್ಣು.

ಆಮೇಲಿನದನ್ನು ವಿಸ್ತರಿಸುವುದಿಲ್ಲ. ಉಳುಕು ತೆಗೆಯುವ ಅಜ್ಜಿಯೊಬ್ಬರು ಕಾಲನ್ನು ಎಳೆದಾಗ ನಾನು ಹೊರಡಿಸಿದ ಸದ್ದಿಗೆ ಕೊಟ್ಟಿಗೆಯಲ್ಲಿ ಮಲಗಿದ್ದ ಎಮ್ಮೆ ಎದ್ದು ನಿಂತಿತು. ಒಬ್ಬರು ವಾಯು ಎಂದರು, ಒಬ್ಬರು ಶೀತ ಎಂದರು. ದೊಡ್ಡಮ್ಮ, ಯಾರದೋ ಕಣ್ಣು ಬಿದ್ದಿದೆ ಎಂದರು. ಊತ ಇಳಿಯಿತು, ನೋವು ಉಳಿಯಿತು. ಇಪ್ಪತ್ತಾರು ವರ್ಷ ಕಳೆದ ಮೇಲೆ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದೆ. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, "ಲಿಗಮೆಂಟ್ ಪೂರ್ತಿ ಹರಿದಿದೆ. ಯಾವಾಗ ಪೆಟ್ಟಾದದ್ದು?" ಎಂದರು. ಹೇಳಿದೆ. ಅವರು ಸಭ್ಯ ಮನುಷ್ಯ. "ಸ್ವಲ್ಪ ಲೇಟಾಗಿ ಬಂದಿದ್ದೀರಿ," ಎಂದಷ್ಟೇ ಹೇಳಿದರು. ಚಂದ್ರಣ್ಣ ಈಗ ಚಿಕ್ಕಮಗಳೂರಿನಲ್ಲಿ ನೆಲೆಸಿದ್ದಾರೆ. ಎರಡೂ ಮಂಡಿ ಗಟ್ಟಿಯಾಗಿವೆ, ದಿನಾ ಬೆಳಗ್ಗೆ ವಾಕಿಂಗ್ ಹೋಗುತ್ತಾರಂತೆ.

ಆದರೆ ಆ ಮಂಡಿಯಿಂದ ನನಗೆ ಲಾಭವೇ ಆಗಲಿಲ್ಲ ಎಂದರೆ ತಪ್ಪಾದೀತು. ವರ್ಷ ಕಳೆದ ಹಾಗೆ ಕಥೆ ಬೆಳೆಯಿತು. ಹರಿದ ಮಂಡಿಯಲ್ಲಿ ಫೈನಲ್ ಆಡಿದವನು ಎಂಬುದು, ಒಂಟಿ ಕಾಲಲ್ಲಿ ಹತ್ತು ಸ್ಮ್ಯಾಶ್ ಹೊಡೆದವನು ಎಂದಾಯಿತು. ಹುಂಜ ನಮ್ಮದಾಯಿತು. ನಾನು ತಿದ್ದಲಿಲ್ಲ. ಓಡಲಾಗದವನು ಮೈದಾನದಲ್ಲಿ ಒಂದೇ ಕಡೆ ನಿಂತಿರುತ್ತಾನಲ್ಲ, ಅಂಥವನಿಗೆ ಬೇಗ ಗೌರವ ಬರುತ್ತದೆ. ಊರಿನ ಯುವಕ ಸಂಘಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಹುಡುಗಿಯರ ವಾಲಿಬಾಲ್ ತಂಡ ಆಗಬೇಕೆಂದಾಗ ಕೋಚ್ ಕೂಡ ನಾನೇ ಆದೆ.

ಜಾಗ ಎಲ್ಲಿ? ನಮ್ಮ ಕಡೆ ಸಮತಟ್ಟಾದ ನೆಲ ಎಂದರೆ ಕಾಫಿ ಒಣಗಿಸುವ ಕಣ ಮಾತ್ರ, ಸಿಮೆಂಟು ಹಾಕಿ ನುಣ್ಣಗೆ ಮಾಡಿದ್ದು. ಕೊಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುತ್ತದೆ. ಎಸ್ಟೇಟಿನ ಸಾಹುಕಾರರನ್ನು ಕೇಳಿದೆ. "ಆಡ್ಲಿ ರೈಟ್ರೇ. ಕಣ ಒಡೀಬಾರ್ದು ಅಷ್ಟೇ," ಎಂದರು. ಮಂಡಿ ಒಡೆದರೆ ಏನು ಮಾಡುವುದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಂಟು ಹುಡುಗಿಯರು. ಅವರಲ್ಲಿ ಚೈತ್ರಾಳನ್ನು ಬೇರೆಯಾಗಿಯೇ ಹೇಳಬೇಕು. ಹದಿನಾರು ವರ್ಷ, ಮೊದಲ ಪಿಯುಸಿ. ತಾಯಿ ಗಿರಿಜ ನಮ್ಮ ಎಸ್ಟೇಟಿನಲ್ಲೇ ಕೆಲಸಕ್ಕೆ ಬರುತ್ತಾಳೆ, ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ವಾಸ. ಬೆಳಗ್ಗೆ ನನ್ನೆದುರು ಬಂದು ಸೆರಗು ಸರಿಮಾಡಿಕೊಂಡು ತನ್ನ ಹೆಸರು ಹೇಳುವಾಗ ದನಿ ನನ್ನ ಮೇಜಿನ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು. ಇಂಥ ತಾಯಿಗೆ ಅಂಥ ಮಗಳು ಹೇಗೆ ಹುಟ್ಟಿದಳೋ. ಚೈತ್ರಾ ಹಾರಿದರೆ ನೆಟ್ಟಿನ ಮೇಲೆ ಮೊಣಕೈ ಕಾಣುತ್ತಿತ್ತು. ಅವಳು ಹೊಡೆದ ಚೆಂಡು ಕಣದ ಗೋಡೆಗೆ ಬಡಿದು ವಾಪಸು ನಮ್ಮ ಕಡೆಗೇ ಬರುತ್ತಿತ್ತು. ಅವಳನ್ನು ನೋಡುತ್ತಾ ನಾನು, ಇವಳು ರಾಜ್ಯಕ್ಕೆ ಆಡುತ್ತಾಳೆ, ನನ್ನ ಹೆಸರು ಹೇಳುತ್ತಾಳೆ ಎಂದೆಲ್ಲ ಯೋಚಿಸುತ್ತಿದ್ದೆ. ಎರಡನೆಯದನ್ನು ಹೆಚ್ಚು ಯೋಚಿಸುತ್ತಿದ್ದೆ.

ಆ ದಿನಗಳಲ್ಲಿ ಸಾಹುಕಾರರ ತಾಯಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರಿಂದ ಮೂಡಿಗೆರೆಯಿಂದ ನಯನಾ ಎಂಬ ಫಿಸಿಯೋಥೆರಪಿ ಮಾಡುವವರೊಬ್ಬರು ವಾರಕ್ಕೆ ಎರಡು ಸಲ ಬಂಗಲೆಗೆ ಬರುತ್ತಿದ್ದರು. ಒಂದು ಸಂಜೆ ವಾಪಸು ಹೋಗುವಾಗ ಕಣದ ಪಕ್ಕದಲ್ಲಿ ನಿಂತು ಆಟ ನೋಡಿದರು.

"ಸಾರ್, ಆಟಕ್ಕೆ ಮುಂಚೆ ಇವರು ಏನ್ಮಾಡ್ತಾರೆ?"

"ಜಡೆ ಕಟ್ಕೋತಾರೆ," ಎಂದೆ.

ಅವರು ನಗಲಿಲ್ಲ. ಚೈತ್ರಾಳನ್ನು ಕರೆದು ಕಣದ ಕಟ್ಟೆಯ ಮೇಲಿಂದ ಕೆಳಗೆ ಹಾರಲು ಹೇಳಿದರು. ಚೈತ್ರಾ ಧೊಪ್ಪನೆ ಹಾರಿದಳು. "ನೋಡಿದ್ರಾ? ಇಳಿಯುವಾಗ ಎರಡು ಮಂಡಿನೂ ಒಳಗೆ ಬಾಗಿದ್ವು, ಒಂದಕ್ಕೊಂದು ಗುಟ್ಟು ಹೇಳೋ ಹಾಗೆ. ಅಲ್ಲೇ ಲಿಗಮೆಂಟ್ ಹರಿಯೋದು. ಹುಡ್ಗೀರಿಗೆ ಈ ಅಪಾಯ ಇನ್ನೂ ಜಾಸ್ತಿ. ಮಂಡಿ ಮಡಚಿ, ಪಾದದ ನೇರಕ್ಕೆ ಇಟ್ಟು, ಮೆತ್ತಗೆ ಇಳೀಬೇಕು. ಸದ್ದೇ ಆಗ್ಬಾರ್ದು. ಕಲಿಸಿದ್ರೆ ಬರುತ್ತೆ ಸಾರ್. ಆಟಕ್ಕೆ ಮುಂಚೆ ಒಂದು ಕಾಲು ಗಂಟೆ ಸಾಕು. ಮತ್ತೆ, ಈ ಸಿಮೆಂಟ್ ಬಿಟ್ಟು ಮಣ್ಣಲ್ಲಿ ಆಡ್ಸೋಕಾಗಲ್ವಾ?"

ಮರುವಾರ ವ್ಯಾಯಾಮಗಳ ಚಿತ್ರವಿರುವ ಒಂದು ಹಾಳೆ ತಂದುಕೊಟ್ಟರು. ಕುಕ್ಕರಗಾಲಲ್ಲಿ ಕೂತು ಏಳುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಹಾರಿ ಇಳಿದು ಕಲ್ಲಿನ ಹಾಗೆ ನಿಲ್ಲುವುದು, ಓಡುತ್ತಾ ಇದ್ದಕ್ಕಿದ್ದಂತೆ ತಿರುಗುವುದು. ಎರಡು ದಿನ ಮಾಡಿಸಿದೆ. ಕೆಲಸ ಬಿಟ್ಟು ಮನೆಗೆ ಹೋಗುವ ಆಳುಗಳೆಲ್ಲ ಕಣದ ಸುತ್ತ ನಿಂತರು. ಎಂಟು ಹುಡುಗಿಯರು ಸಾಲಾಗಿ ಬಸ್ಕಿ ಹೊಡೆಯುತ್ತಿದ್ದರೆ ನೋಡುವವರಿಗೆ ಏನನ್ನಿಸಬೇಕು? "ಎಂತ ತಪ್ಪು ಮಾಡಿದ್ರು ರೈಟ್ರೇ?" ಎಂದು ಮೇಸ್ತ್ರಿ ಕೇಳಿದ. ಒಂಟಿ ಕಾಲಲ್ಲಿ ನಿಂತಾಗ, "ಗದ್ದೆಗೆ ಬೆಳ್ಳಕ್ಕಿ ಬಂದ್ವು," ಎಂದು ಯಾರೋ ಕೂಗಿದರು. ಹುಡುಗಿಯರು ನಾಚಿ ಕೆಂಪಾದರು. ಅವರಿಗಿಂತ ಹೆಚ್ಚು ನಾಚಿದವನು ನಾನು. ಮೂರನೆಯ ದಿನ, "ಇದೆಲ್ಲ ಪೇಟೆಯವರಿಗೆ. ಗುಡ್ಡ ಹತ್ತಿ ಇಳಿಯೋ ನಿಮ್ಮ ಕಾಲಿಗೆ ಇದ್ಯಾವ್ದೂ ಬೇಡ, ಸೀದಾ ಆಟಕ್ಕೆ ಇಳೀರಿ," ಎಂದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಆಫೀಸಿನಲ್ಲಿ ಅಲ್ಲಾಡುತ್ತಿದ್ದ ಮೇಜಿನ ಕಾಲಡಿಗೆ ಇಟ್ಟೆ. ಮುಂದೆ ಬಹಳ ದಿನ ಆ ಹಾಳೆಯಿಂದ ಪ್ರಯೋಜನವಾದದ್ದು ಆ ಒಂದು ಕಾಲಿಗೆ ಮಾತ್ರ.

ಏಪ್ರಿಲ್ ಕೊನೆಗೆ ಕಳಸದಲ್ಲಿ ಟೂರ್ನಮೆಂಟ್ ಇತ್ತು. ಎರಡು ಜೀಪು ಮಾಡಿಕೊಂಡು ಹೋದೆವು. ಒಂದರಲ್ಲಿ ಹುಡುಗಿಯರು, ಇನ್ನೊಂದರಲ್ಲಿ ಅವರ ಮನೆಯವರು. ಗಿರಿಜ ಅವತ್ತು ಕೆಲಸಕ್ಕೆ ರಜೆ ಮಾಡಿ ಬಂದಿದ್ದಳು. ಮಗಳ ಆಟ ಅವಳು ಸರಿಯಾಗಿ ನೋಡಿದ್ದೇ ಇಲ್ಲವಂತೆ. ಆಡುವ ಹೊತ್ತಿಗೆ ಅವಳಿಗೆ ಸೌದೆ, ನೀರು, ಅಡುಗೆ.

ಚೈತ್ರಾ ಅವತ್ತು ಆಡಿದ ಆಟವನ್ನು ಕಳಸದವರು ಎದ್ದು ನಿಂತು ನೋಡಿದರು. ಮೊದಲ ಪಂದ್ಯ ಸಲೀಸಾಗಿ ಗೆದ್ದೆವು. ಸೆಮಿಫೈನಲಿನಲ್ಲಿ ಎರಡು ಸೆಟ್ ಸಮವಾಗಿ, ಮೂರನೆಯದರ ಕೊನೆಗೆ ಒಂದು ಪಾಯಿಂಟ್ ಬೇಕಿತ್ತು. ಹೊಡೆಯಲೆಂದು ಎತ್ತಿಕೊಟ್ಟ ಲಿಫ್ಟ್ ಎತ್ತರಕ್ಕೆ ಬಂತು. ಚೈತ್ರಾ ಹಾರಿದಳು, ಹೊಡೆದಳು, ಚೆಂಡು ಎದುರಿನವರ ನಡುವೆ ನೆಲ ಮುಟ್ಟಿತು. ಎಲ್ಲರೂ ಚೆಂಡು ಬಿದ್ದದ್ದನ್ನು ನೋಡಿದರು. ನಾನು ಮಾತ್ರ ಅವಳು ಬಿದ್ದದ್ದನ್ನು ನೋಡಿದೆ. ಒಂಟಿ ಕಾಲು. ಮೈ ಒಂದು ಕಡೆ, ಮಂಡಿ ಒಳಗಡೆ.

ಹುಡುಗಿಯರು ಕುಣಿಯುತ್ತಿದ್ದರು. ಅವಳು ನೆಲ ಹಿಡಿದು ಕೂತಿದ್ದಳು. ಎತ್ತಿಕೊಂಡು ಬಂದು ಮರದ ನೆರಳಿನಲ್ಲಿ ಕೂರಿಸಿದೆವು. ಮಂಡಿ ನೋಡುತ್ತಿದ್ದಂತೆ ಊದಿತು. ಫೈನಲಿಗೆ ಇನ್ನು ಒಂದು ಗಂಟೆ. ಎದುರು ತಂಡದವರು ಆಗಲೇ ನಮ್ಮ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು.

"ಸಾರ್, ಒಳಗೆ ಏನೋ ಟಪ್ ಅಂತು," ಎಂದಳು ಚೈತ್ರಾ. ಮುಖ ಬಿಳಿಚಿಕೊಂಡಿತ್ತು.

ಆ ಸದ್ದು ಏನೆಂದು ಆ ಮೈದಾನದಲ್ಲಿ ಬಲ್ಲವನಿದ್ದರೆ ಅದು ನಾನೊಬ್ಬನೇ. ಆದ್ದರಿಂದ ನನ್ನ ಬಾಯಿಂದ ಏನು ಬರಬೇಕಿತ್ತು, ನೀವೇ ಹೇಳಿ. ಬಂದದ್ದು ಇದು: "ಏನೂ ಆಗಿಲ್ಲ ಮಾರಾಯ್ತಿ. ಕಟ್ಕೊಂಡ್ ಆಡು."

ಚಂದ್ರಣ್ಣನ ದನಿಯೇ. ಅದೇ ಏರು, ಅದೇ ಇಳಿತ. ಮೂವತ್ತು ವರ್ಷ ನನ್ನ ಗಂಟಲಲ್ಲಿ ಕೂತು ಕಾದಿತ್ತು ಎನ್ನುವ ಹಾಗೆ. ಸುತ್ತ ನಿಂತವರು, "ರೈಟ್ರು ಹರಿದ ಮಂಡೀಲಿ ಫೈನಲ್ ಗೆದ್ದವ್ರು, ಗೊತ್ತಾ?" ಎಂದು ಅವಳಿಗೆ ಧೈರ್ಯ ಹೇಳಿದರು. ಆಗಲೂ ನಾನು ತಿದ್ದಲಿಲ್ಲ. ಬ್ಯಾಗಿನಿಂದ ಬ್ಯಾಂಡೇಜು ತೆಗೆದು ಅವಳ ಮಂಡಿಗೆ ಸುತ್ತತೊಡಗಿದೆ. ನಾನು ಚೆನ್ನಾಗಿ ಕಟ್ಟುತ್ತೇನೆ. ಅಭ್ಯಾಸವಿದೆ. ಚೈತ್ರಾ ತುಟಿ ಕಚ್ಚಿಕೊಂಡು ತಲೆಯಾಡಿಸಿದಳು. ಆಡುತ್ತೇನೆ ಎಂದು. ಅವಳು ನನ್ನನ್ನು ನಂಬಿದ್ದಳು.

ಅಷ್ಟರಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಗಿರಿಜ ಬಂದಳು. ಮಗಳನ್ನು ನೋಡಿದಳು, ಬ್ಯಾಂಡೇಜನ್ನು ನೋಡಿದಳು. ಮುಂದೆ ಕೂತು, ನಾನು ಕಟ್ಟಿದ್ದನ್ನು ಬಿಚ್ಚತೊಡಗಿದಳು.

"ಅಮ್ಮಾ, ಫೈನಲ್ ಇದೆ," ಎಂದಳು ಚೈತ್ರಾ.

"ಇರ್ಲಿ."

"ಗಿರಿಜ, ನಿಂಗೆ ಗೊತ್ತಾಗಲ್ಲ," ಎಂದೆ, ಹಾಜರಿ ಕೂಗುವ ದನಿಯಲ್ಲಿ. "ಸ್ವಲ್ಪ ಉಳುಕಿದೆ ಅಷ್ಟೇ. ಇಂಥವು ನಾನೆಷ್ಟು ನೋಡಿಲ್ಲ?"

ಅವಳು ಬಿಚ್ಚುವುದನ್ನು ನಿಲ್ಲಿಸಲಿಲ್ಲ. "ನೀವು ನೋಡಿದೀರಿ ರೈಟ್ರೇ. ನಾವೂ ನೋಡಿದೀವಿ. ಬೆಳಗ್ಗೆ ಆಫೀಸಿಂದ ಮೂರು ಮೆಟ್ಲು ಇಳಿಯೋಕೆ ನೀವು ಪಡೋ ಪಾಡನ್ನ ಲೈನಿನವ್ರೆಲ್ಲ ನಿಂತು ದಿನಾ ನೋಡ್ತೀವಿ. ನಿಮ್ಮೆದುರಿಗೆ ಯಾರೂ ಹೇಳಲ್ಲ ಅಷ್ಟೇ. ನನ್ ಮಗಳಿಗೆ ಅಂಥ ಕಾಲು ಬೇಡ."

ದನಿ ಎತ್ತರಿಸಿ ಹೇಳಲಿಲ್ಲ. ಆದರೆ ಅವತ್ತು ಅದು ನನ್ನ ಮೇಜನ್ನು ದಾಟಿ ಬಹಳ ದೂರ ಹೋಯಿತು. ಸುತ್ತ ನಿಂತವರು ಬೇರೆ ಕಡೆ ನೋಡಿದರು. ಅವಳು ಬ್ಯಾಂಡೇಜನ್ನು ನೀಟಾಗಿ ಸುತ್ತಿ ನನ್ನ ಕೈಗೆ ಕೊಟ್ಟು, ಮಗಳ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಜೀಪಿನತ್ತ ನಡೆದಳು. ನನಗೆ ನಾಚಿಕೆಯಾಯಿತು ಎಂದು ಬರೆದರೆ ನೀವು ಮೆಚ್ಚುತ್ತೀರಿ. ಆದರೆ ಆ ಕ್ಷಣಕ್ಕೆ ನನಗೆ ಬಂದದ್ದು ಸಿಟ್ಟು. ಆಳು ಹೆಂಗಸು, ನಾಲ್ಕು ಜನರೆದುರು! ನಾಚಿಕೆ ಬಂದದ್ದು ಆಮೇಲೆ, ನಿಧಾನವಾಗಿ, ಜೀಪಿನ ಹಿಂದಿನ ಸೀಟಿನಲ್ಲಿ ಚೈತ್ರಾ ಪ್ರತಿ ಗುಂಡಿಗೂ ಹಲ್ಲು ಕಚ್ಚುವುದನ್ನು ಕೇಳುತ್ತಾ ಬರುವಾಗ. ಫೈನಲ್ ಸೋತಿದ್ದೆವು.

ಮನೆಯಲ್ಲಿ ಹೆಂಡತಿ ಸರಳಾ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಕಟ್ಟಿದ್ದು ನೀವೇನಾ?"

ಹೌದೆಂದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ ಎದ್ದುಹೋದಳು. ಮದುವೆಯಾದಂದಿನಿಂದ ಚಳಿಗಾಲದಲ್ಲಿ ನನ್ನ ಮಂಡಿಗೆ ಎಣ್ಣೆ ತಿಕ್ಕಿದವಳು ಅವಳು.

ಎರಡು ದಿನ ಬಿಟ್ಟು ತಾಯಿ ಮಗಳನ್ನು ಮಂಗಳೂರಿಗೆ ಕರೆದುಕೊಂಡು ಹೋದೆ. ಚಾರ್ಮಾಡಿ ಘಾಟಿಯ ಪ್ರತಿ ತಿರುವಿನಲ್ಲೂ ಗಿರಿಜ ಮಗಳ ಕಾಲನ್ನು ಅಲ್ಲಾಡದ ಹಾಗೆ ಹಿಡಿದುಕೊಂಡಳು. ಸ್ಕ್ಯಾನ್ ಆಯಿತು. ಡಾಕ್ಟರು ಹೇಳಿದರು, "ಲಿಗಮೆಂಟ್ ಅರ್ಧ ಹರಿದಿದೆ. ಪೂರ್ತಿ ಹೋಗಿಲ್ಲ. ಆಪರೇಷನ್ ಬೇಡ, ಆದರೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಬೇಕು." ಆಮೇಲೆ ತಲೆಯೆತ್ತಿ, "ಪೆಟ್ಟಾದ ಮೇಲೆ ಮತ್ತೆ ಆಡಿಸಲಿಲ್ಲ ತಾನೇ?" ಎಂದರು.

ನಾನು ಕಿಟಕಿ ನೋಡಿದೆ.

"ಇಲ್ಲ ಸಾರ್," ಎಂದಳು ಗಿರಿಜ. "ರೈಟ್ರು ಬಿಡ್ಲಿಲ್ಲ."

ಡಾಕ್ಟರು ಎದ್ದು ನನ್ನ ಕೈ ಕುಲುಕಿದರು. "ಒಳ್ಳೇ ಕೆಲಸ ಮಾಡಿದ್ರಿ. ಇನ್ನೊಂದು ಪಂದ್ಯ ಆಡಿಸಿದ್ರೆ ಪೂರ್ತಿ ಹೋಗ್ತಿತ್ತು. ಬಹಳ ಜನ ಕಟ್ಕೊಂಡು ಆಡು ಅಂತಾರೆ ನೋಡಿ." ನಾನು ಹೌದು, ಅಂಥವರೂ ಇರುತ್ತಾರೆ ಎಂಬ ಅರ್ಥದಲ್ಲಿ ತಲೆಯಾಡಿಸಿದೆ. ಚೈತ್ರಾ ನೆಲ ನೋಡುತ್ತಿದ್ದಳು. ನಗು ತಡೆದುಕೊಳ್ಳುತ್ತಿದ್ದಳೋ ಅಳುವೋ ಗೊತ್ತಾಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ. "ಯಾಕೆ ಹಂಗಂದ್ರಿ ಗಿರಿಜಮ್ಮ?" ಆ ಬಹುವಚನ ಎಲ್ಲಿಂದ ಬಂತೋ, ಬಂದದ್ದು ಮತ್ತೆ ಹೋಗಲಿಲ್ಲ.

"ಇನ್ನೆಂತ ಹೇಳ್ಲಿ ರೈಟ್ರೇ? ಡಾಕ್ಟ್ರೆದುರು ನಿಮ್ಮ ಮರ್ಯಾದೆ ತೆಗೆದ್ರೆ ಇವಳ ಕಾಲು ಸರಿ ಆಗುತ್ತಾ?" ಎಂದರು ಗಿರಿಜಮ್ಮ. "ಆ ನಯನಾ ಮೇಡಂ ಹತ್ರ ಮಾತಾಡೋರು ಯಾರು? ಮಣ್ಣಲ್ಲಿ ಆಡೋಕೆ ಜಾಗ ಬೇಕು ಅಂತ ಸಾಹುಕಾರ್ರನ್ನ ಕೇಳೋರು ಯಾರು? ನಾನು ಕೇಳಿದ್ರೆ ಆಗುತ್ತಾ? ನೀವು ಬೇಕು. ಅದಕ್ಕೇ ಅಂದೆ."

ನಾನು ಅದನ್ನು ಕ್ಷಮೆ ಎಂದುಕೊಂಡಿದ್ದೆ. ಅದು ಕೆಲಸ ಹಂಚಿದ್ದು. ಮೂವತ್ತು ವರ್ಷ ಆಳುಗಳಿಗೆ ಕೆಲಸ ಹಂಚುವುದನ್ನು ನೋಡಿದವನಿಗೆ ಅಷ್ಟು ಗೊತ್ತಾಗಬೇಕಿತ್ತು.

ಹೇಳಿದ ಕೆಲಸ ಮಾಡಿದೆ. ಮೇಜಿನ ಕಾಲಡಿಯಿಂದ ಹಾಳೆ ತೆಗೆದೆ. ನಡುವಿನ ಎರಡು ಚಿತ್ರಗಳು ಸವೆದುಹೋಗಿದ್ದವು. ನಯನಾ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಹೊಸದೊಂದು ಕೊಟ್ಟರು. ಸಾಹುಕಾರರ ಹತ್ತಿರ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದಿನ ಜಾಗ ಕೇಳಿದೆ. "ಕಣ ಚೆನ್ನಾಗೇ ಇದೆಯಲ್ಲ ರೈಟ್ರೇ, ಒಡೆದಿಲ್ಲವಲ್ಲ?" ಎಂದರು. "ಕಣ ಒಡೆದಿಲ್ಲ ಸಾರ್," ಎಂದೆ. ಅವರು ನನ್ನ ಮುಖ ನೋಡಿ ಒಪ್ಪಿಕೊಂಡರು. ಊರವರೇ ಸೇರಿ ಕಲ್ಲು ಆರಿಸಿ, ಕೆಂಪು ಮಣ್ಣು ಹೊಯ್ದು ಮಟ್ಟ ಮಾಡಿದರು.

ಚೈತ್ರಾಳಿಗೆ ಮೊದಲ ತಿಂಗಳು ನರಕ. ನೆಟ್ಟಗೆ ಕಾಲು ಚಾಚಿ, ತೊಡೆ ಬಿಗಿಹಿಡಿದು, ಬಿಡುವುದು. ಅಷ್ಟೇ. ಗೋಡೆಗೆ ಚೆಂಡು ಬಡಿಯುತ್ತಿದ್ದ ಹುಡುಗಿಗೆ ತೊಡೆ ಬಿಗಿಹಿಡಿಯುವ ಆಟ. ಒಂದು ದಿನ, "ನಂಗೆ ವಾಲಿಬಾಲೇ ಬೇಡ," ಎಂದು ಚೆಂಡನ್ನು ಕಾಫಿ ಗಿಡಗಳ ನಡುವೆ ಎಸೆದಳು. ನಯನಾ ಅವಳ ಪಕ್ಕದಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ಏನು ಹೇಳಿದರೋ ಗೊತ್ತಿಲ್ಲ. ಮರುದಿನದಿಂದ ಚೈತ್ರಾ ಅಂಗಳದ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತು, ಉಳಿದ ಏಳು ಹುಡುಗಿಯರ ಜೀವ ಹಿಂಡತೊಡಗಿದಳು. ಮಳೆಗಾಲದಲ್ಲಿ ಗೋದಾಮಿನೊಳಗೆ, ಮಳೆ ಬಿಟ್ಟ ಮೇಲೆ ಹೊರಗೆ. ಕಾಲು ಗಂಟೆ ವ್ಯಾಯಾಮ ಮುಗಿಯದೆ ಯಾರೂ ಚೆಂಡು ಮುಟ್ಟುವ ಹಾಗಿಲ್ಲ. ಯಾರಾದರೂ ಧೊಪ್ಪೆಂದು ಇಳಿದರೆ, "ಸದ್ದು!" ಎಂದು ಅರಚುತ್ತಿದ್ದಳು. "ಮತ್ತೆ ಹಾರು. ಮಂಡಿ ಒಳಗೆ ಹೋಯ್ತು. ಮತ್ತೆ." ನನ್ನ ಇಡೀ ಕೋಚಿಂಗ್ ಬದುಕಿನಲ್ಲಿ ನನಗೆ ಅಷ್ಟು ಹೆದರಿದವರಿಲ್ಲ. ಕೆಲಸ ಬಿಟ್ಟು ಹೋಗುವವರು ಮೊದಮೊದಲು ನಿಂತು ನಕ್ಕರು, ಆಮೇಲೆ ನಿಲ್ಲುವುದನ್ನು ಬಿಟ್ಟರು. ಒಂದು ಸಂಜೆ ಪಲ್ಪರ್ ಮನೆಯ ಮರೆಯಲ್ಲಿ ಮೇಸ್ತ್ರಿ ಕಣ್ಣುಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಲು ನೋಡುತ್ತಿದ್ದುದನ್ನು ಕಂಡೆ. ನಾನು ಕಂಡೆನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಇತ್ತ ಇನ್ನೊಂದು ಅನಾಹುತ ನಡೆಯುತ್ತಿತ್ತು. ಡಾಕ್ಟರು ನನ್ನ ಕೈ ಕುಲುಕಿದ್ದನ್ನು ಚೈತ್ರಾ ಗೆಳತಿಯರಿಗೆ ತಮಾಷೆಗೆಂದು ಹೇಳಿದ್ದಳು. ಅದು ಹೋಟೆಲಿನಿಂದ ಹೋಟೆಲಿಗೆ, ಬಸ್ಸಿನಿಂದ ಬಸ್ಸಿಗೆ ಹೋಗುತ್ತಾ ತಮಾಷೆ ಉದುರಿಹೋಗಿ ಬರೀ ಹೊಗಳಿಕೆ ಉಳಿಯಿತು. ಫೈನಲ್ ಬಿಟ್ಟುಕೊಟ್ಟು ಹುಡುಗಿಯ ಕಾಲು ಉಳಿಸಿದ ರೈಟರು! ಕಳಸದಲ್ಲಿ ಇದ್ದು ಕಣ್ಣಾರೆ ನೋಡಿದವರೂ ಹಾಗೇ ಹೇಳತೊಡಗಿದರು. ಎರಡು ಶಾಲೆಯವರು ಮಂಡಿಯ ರಕ್ಷಣೆಯ ಬಗ್ಗೆ ಭಾಷಣಕ್ಕೆ ಕರೆದರು. ನಾನು ನಯನಾರನ್ನು ಕಳಿಸಿದೆ. ಅದೂ ನನ್ನ ದೊಡ್ಡತನವೇ ಆಯಿತು.

ಮುಂದಿನ ವರ್ಷದ ಟೂರ್ನಮೆಂಟ್ ಬಂತು. ಡಾಕ್ಟರೂ ನಯನಾ ಅವರೂ ಪರೀಕ್ಷೆ ಮಾಡಿ, ಎರಡು ಕಾಲಿಗೂ ಸಮ ಬಲ ಬಂದಿದೆ ಎಂದ ಮೇಲೆಯೇ ಚೈತ್ರಾಳ ಹೆಸರು ತಂಡದ ಪಟ್ಟಿಗೆ ಸೇರಿತು. ಫೈನಲಿಗೆ ಮುಂಚೆ ಸಣ್ಣ ಸಮಾರಂಭವೆಂದು ಸಂಘಟಕರು ಹೇಳಿದ್ದರು. ಹೋಗಿ ನೋಡಿದರೆ ಸನ್ಮಾನ ನನಗೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕು ಕೈಗೆ ಕೊಟ್ಟರು. ಕೆಳಗೆ ಮುಂದಿನ ಸಾಲಿನಲ್ಲಿ ಗಿರಿಜಮ್ಮ ಕೂತಿದ್ದರು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು.

ಈಗ ಹೇಳದಿದ್ದರೆ ಇನ್ನು ಹೇಳಲಾಗದು ಎನ್ನಿಸಿತು. "ಈ ಶಾಲು ನನಗೆ ಸಲ್ಲುವುದಿಲ್ಲ," ಎಂದೆ. "ಹೋದ ವರ್ಷ ಇದೇ ಮೈದಾನದಲ್ಲಿ ಊದಿದ ಮಂಡಿ ಕಟ್ಟಿಕೊಂಡು ಆಡು ಎಂದವನು ನಾನು. ಕಟ್ಟಿದ್ದೂ ನಾನೇ. ಬಿಚ್ಚಿದ್ದು ಅವಳ ತಾಯಿ. ವ್ಯಾಯಾಮ ಹೇಳಿಕೊಟ್ಟಿದ್ದರು, ನಾಚಿಕೆಯಾಗುತ್ತದೆಂದು ನಿಲ್ಲಿಸಿದವನೂ ನಾನೇ. ಇನ್ನೊಂದು ವಿಷಯ. ಮೂವತ್ತು ವರ್ಷದ ಹಿಂದೆ ನಾವು ಹುಂಜ ಗೆಲ್ಲಲಿಲ್ಲ. ಬಾಳೆಗೊನೆ ಗೆದ್ದೆವು."

ಚಪ್ಪಾಳೆ ಶುರುವಾಯಿತು. ಎಲ್ಲ ಕಡೆಯಿಂದ, ಜೋರಾಗಿ. ನಿರೂಪಕರು ಮೈಕು ಇಸಿದುಕೊಂಡು, "ನೋಡಿ ಬಂಧುಗಳೇ, ಮಾಡಿದ ಉಪಕಾರವನ್ನೂ ತಮ್ಮದಲ್ಲ ಅನ್ನುವ ಇಂಥ ವಿನಯ ಈ ಕಾಲದಲ್ಲಿ ಎಲ್ಲಿ ಸಿಗುತ್ತೆ!" ಎಂದರು. ಇನ್ನೊಂದು ಸುತ್ತು ಚಪ್ಪಾಳೆ ಬಿತ್ತು. ಶಾಲನ್ನು ಹೆಗಲಿಂದ ತೆಗೆಯಲು ಹೋದರೆ ಅದನ್ನೂ ಸರಿಯಾಗಿ ಹೊದೆಸಿದರು.

ಕೆಳಗಿಳಿದು ಗಿರಿಜಮ್ಮನ ಪಕ್ಕದ ಕುರ್ಚಿಯಲ್ಲಿ ಕೂತೆ.

"ಹೇಳಿದ್ರಿ," ಎಂದರು.

"ಹೇಳಿದೆ. ಯಾರೂ ನಂಬ್ಲಿಲ್ಲ."

"ನಂಬೋದೆಂತ ಬಂತು. ನಾನ್ ಅಲ್ಲೇ ಇದ್ದೆನಲ್ಲ," ಎಂದು ಸ್ವಲ್ಪ ನಕ್ಕರು. ಬುಟ್ಟಿಯಿಂದ ಒಂದು ಮೂಸಂಬಿ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು, ಮಗಳಿಗೆ.

ಪಂದ್ಯ ಶುರುವಾಯಿತು. ಮೊದಲ ಎರಡು ಪಾಯಿಂಟು ಚೈತ್ರಾ ಹಿಂದೆ ನಿಂತು ಆಡಿದಳು. ಮೂರನೆಯದಕ್ಕೆ ಲಿಫ್ಟ್ ಬಂತು, ನೆಟ್ಟಿನ ಹತ್ತಿರ, ಎತ್ತರಕ್ಕೆ. ಅವಳು ಎರಡು ಹೆಜ್ಜೆ ಓಡಿದಳು. ಪಕ್ಕದಲ್ಲಿ ಗಿರಿಜಮ್ಮ ಗಕ್ಕನೆ ಕಣ್ಣು ಮುಚ್ಚಿಕೊಂಡು ನನ್ನ ಕುರ್ಚಿಯ ಕೈಯನ್ನು ಹಿಡಿದುಕೊಂಡರು. ಚೈತ್ರಾ ಮೇಲಕ್ಕೆ ಹೋದಳು. ಚೆಂಡಿಗೆ ಕೈ ತಗುಲಿದ ಸದ್ದು ಕೇಳಿತು. ಜನ ಹೋ ಎಂದರು. ಚೆಂಡು ಎಲ್ಲಿ ಬಿತ್ತೋ ನಾನು ನೋಡಲಿಲ್ಲ.

"ಬಂದ್ಲಾ ಕೆಳಗೆ?" ಎಂದು ಕೇಳಿದರು ಗಿರಿಜಮ್ಮ, ಕಣ್ಣು ಬಿಡದೆ.

"ಬಂದ್ಲು."

"ಎರಡು ಕಾಲಲ್ಲಿ?"

"ಎರಡು ಕಾಲಲ್ಲೇ ಗಿರಿಜಮ್ಮ. ಸದ್ದೇ ಆಗ್ಲಿಲ್ಲ."